ಪೋಳಾದ ಮರುದಿನ

ವಸುಧಾ ದನಿ ಎತ್ತಿ ಮಾತಾಡಿದ್ದನ್ನು ನಾಗಪುರದ ಮನೀಶ್ ನಗರದ ಅವಳ ಓಣಿಯಲ್ಲಿ ಕೇಳಿದವರಿಲ್ಲ. ತರಕಾರಿ ಗಾಡಿಯವನನ್ನು ನಿಲ್ಲಿಸಬೇಕಾದರೂ ಗೇಟಿನ ತನಕ ಹೋಗಿ ಕೈ ಮಾಡುತ್ತಿದ್ದಳೇ ಹೊರತು ಕೂಗುತ್ತಿರಲಿಲ್ಲ. ಅಂಥವಳ ಹೊಟ್ಟೆಯೊಳಗೆ, ಒಬ್ಬ ಮನುಷ್ಯನಿಗೆ ಜನರ ಮುಂದೆಯೇ ಮಣ್ಣು ಮುಕ್ಕಿಸಬೇಕೆಂಬ ಆಸೆ ಒಂದು ವರ್ಷದಿಂದ ಸಣ್ಣ ಉರಿಯ ಮೇಲೆ ಕುದಿಯುತ್ತಿತ್ತು ಎಂದರೆ ಹೆತ್ತ ತಾಯಿ ವಿಮಲಾ ಕೂಡ ನಂಬುತ್ತಿರಲಿಲ್ಲ.

ಆ ಮನುಷ್ಯ ಶ್ರೀಶ ದೇಸಾಯಿ. ಧಾರವಾಡದ ಕಡೆಯವನು. ಪುಣೆಯ ರೇಸ್ ಕುದುರೆಗಳ ಲಾಯಗಳಲ್ಲಿ ಬಹಳ ವರ್ಷ ಪಳಗಿ ನಾಗಪುರಕ್ಕೆ ಬಂದವನು, ಉಮರೇಡ್ ರಸ್ತೆಯಲ್ಲಿ ಪಾಂಡುರಂಗರಾವ್ ಎಂಬ ಕಲ್ಲಿದ್ದಲು ಸಾಗಣೆದಾರರ ತೋಟದಲ್ಲಿ ಟ್ರೇನರ್ ಆಗಿ ನಿಂತಿದ್ದ. ಪಾಂಡುರಂಗರಾಯರಿಗೆ ಲಾರಿಗಳಿಂದ ಬಂದದ್ದನ್ನು ಕುದುರೆಗಳ ಮೇಲೆ ಸುರಿಯುವ ಶೋಕಿ. ತೋಟದಲ್ಲೇ ಓಟದ ಪಟ್ಟಿ ಹಾಕಿಸಿ, ತಮ್ಮಂಥವೇ ನಾಲ್ಕಾರು ಶ್ರೀಮಂತರ ಕುದುರೆಗಳನ್ನು ಕರೆಸಿ ಪಂದ್ಯ ಇಡುತ್ತಿದ್ದರು. ವಸುಧಾಳ ತಂದೆ ನರಹರಿ ಆರ್ಡ್ನೆನ್ಸ್ ಫ್ಯಾಕ್ಟರಿಯ ನೌಕರರು. ಊರ ಕಡೆಯವರೆಂದು ಅವರಿಗೂ ಶ್ರೀಶನಿಗೂ ಸ್ನೇಹ. ಅವನು ಮನೆಗೆ ಬಂದರೆ ವಿಮಲಾ ಚುರುಮುರಿಗೆ ಒಗ್ಗರಣೆ ಹಾಕುತ್ತಿದ್ದಳು. ವಸುಧಾಳಿಗೆ ಅವನು ಕಾಕಾ. ಅವಳು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಅವನೇ, "ನಮ್ಮ ಲಾಯಕ್ಕ ಕಳಸ್ರಿ ನರಹರಿ. ಮಂದೀ ಕೂಡ ಮಾತಾಡೂದಿಲ್ಲ ಅಂತೀರಿ, ಕುದುರೀ ಕೂಡನಾದ್ರೂ ಮಾತಾಡ್ಲಿ" ಎಂದು ಕರೆದುಕೊಂಡು ಹೋದ.

ಕಲಿಸಿದ್ದೂ ಅವನೇ. ಆ ಮಾತನ್ನು ವಸುಧಾ ಸಿಟ್ಟಿನಲ್ಲೂ ಅಲ್ಲಗಳೆಯುತ್ತಿರಲಿಲ್ಲ. ಬೆಳಗಿನ ಓಟ ಮುಗಿಸಿ ಬಂದ ಕುದುರೆಯ ಮುಂದೆ ಅವಳನ್ನು ಕುಕ್ಕರುಗಾಲಲ್ಲಿ ಕೂರಿಸಿ, ಮೊಣಕಾಲಿನಿಂದ ಗೊರಸಿನ ತನಕ ಅಂಗೈ ಇಳಿಸಲು ಹೇಳುತ್ತಿದ್ದ.

"ನೋಡು ವಸು, ಕುದುರಿ ಮೈಯಾಗ ಎಲ್ಲಾ ಒಮ್ಮೆಲೇ ತಯಾರಾಗೂದಿಲ್ಲ. ಎದಿ ಮೊದಲ. ದಿನಾ ಓಡಿಸ್ಕೋತ ಹೋದ್ರ ಹೃದಯ ದೊಡ್ಡದಾಗ್ತದ, ಓಡಿ ಬಂದ ಮ್ಯಾಲೆ ಜಲ್ದಿ ಶಾಂತ ಆಗ್ತದ. ಆಮ್ಯಾಲೆ ಮಾಂಸ ತುಂಬತದ, ಮೈಗೆ ಮಿಂಚು ಬರ್ತದ. ನೋಡಿದವರೆಲ್ಲಾ ಕುದುರಿ ತಯಾರಾತು ಅಂತಾರ. ಎಲುಬು ಮಾತ್ರ ಹಿಂದ ಉಳದಿರ್ತದ. ಪೆಟ್ಟು ತಿಂದು, ಸುಧಾರಿಸ್ಕೊಂಡು, ಮತ್ತ ತಿಂದು, ಸಾವಕಾಶ ಗಟ್ಟಿ ಆಗೂದು ಅದು. ಕಾಲಿನ ನರ ಅದಕ್ಕಿಂತಾ ಸಾವಕಾಶ."

"ಹಂಗಾದ್ರ ಯಾವುದರ ಮಾತು ಕೇಳಬೇಕು ಕಾಕಾ?"

"ಎಲುಬಿಂದು. ಅದಕ್ಕ ಬಾಯಿಲ್ಲ, ಬಿಸಿ ಆಗ್ತದ ಅಷ್ಟ. ಅದಕ್ಕ ಕೈ ಇಡು ಅನ್ನೂದು."

ಅವಳು ಕೈ ಇಟ್ಟಳು. ಕೇತಕಿ ಎಂಬ ಎಳೆಯ ಹೆಣ್ಣುಕುದುರೆಯ ಮುಂಗಾಲಿನ ಎಲುಬು, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಹಂಚಿನ ಮೇಲೆ ಕೈ ಇಟ್ಟಂತೆ ಬಿಸಿಯಾಗಿತ್ತು. ಹೇಳಿದಳು. ಶ್ರೀಶ ತಾನೂ ಮುಟ್ಟಿ ನೋಡಿದ. ಮರುದಿನ ಪಾಂಡುರಂಗರಾಯರ ಅತಿಥಿಗಳು ಬರುವವರಿದ್ದರು, ಅವರೆದುರು ಕೇತಕಿಯನ್ನು ಓಡಿಸುವುದೆಂದು ಮಾತಾಗಿತ್ತು. "ಏನಾಗೂದಿಲ್ಲ, ತಣ್ಣೀರು ಹಾಕಸು" ಎಂದ. ವಿದರ್ಭದ ಬಿಸಿಲಿಗೆ ನೆಲ ಕಲ್ಲಾಗಿತ್ತು. ಮರುದಿನ ಓಟದ ಎರಡನೆಯ ತಿರುವಿನಲ್ಲಿ ಎಲುಬು ಮುರಿದ ಸದ್ದು ಕುರ್ಚಿಗಳಲ್ಲಿ ಕೂತವರಿಗೂ ಕೇಳಿಸಿತು. ಸಂಜೆಯೊಳಗೆ ಕೇತಕಿಗೆ ಸಾಯಿಸುವ ಸೂಜಿ ಕೊಟ್ಟರು.

ಆಮೇಲೆ ಶ್ರೀಶ ಮಾಲೀಕರ ಹತ್ತಿರ ಹೋಗಿ, ಹಿಂದಿನ ದಿನ ತಾನಿಲ್ಲದಾಗ ಈ ಹುಡುಗಿ ಹೇಳದೆ ಕೇಳದೆ ಕೇತಕಿಯನ್ನು ಜೋರಾಗಿ ಓಡಿಸಿದ್ದಳು, ಕಾಲು ಆಗಲೇ ಬಿರುಕು ಬಿಟ್ಟಿತ್ತು, ತನಗೆ ತಿಳಿಸಲಿಲ್ಲ ಎಂದು ಕೈ ತೊಳೆದುಕೊಂಡ. ವಸುಧಾ ಅಲ್ಲೇ ನಿಂತಿದ್ದಳು. ಇಲ್ಲ ಎನ್ನಲು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಗಂಟಲು ಕಟ್ಟಿದವಳನ್ನು ತಪ್ಪಿತಸ್ಥೆ ಎಂದುಕೊಳ್ಳುವುದು ಎಲ್ಲರಿಗೂ ಸುಲಭ.

ಕೆಲಸ ಹೋಯಿತು. ಸುದ್ದಿ ಕನ್ನಡ ಸಂಘಕ್ಕೂ ಮುಟ್ಟಿತು. ಗಣೇಶ ಹಬ್ಬದ ಊಟದ ಪಂಕ್ತಿಯಲ್ಲಿ ಯಾರೋ ಒಬ್ಬಳು ಕೋಸಂಬರಿ ಬಡಿಸಿಕೊಳ್ಳುತ್ತಾ, "ಇಕೀನs ಏನು, ಕುದುರಿ ಕೊಂದಾಕಿ?" ಎಂದು ಪಕ್ಕದವಳನ್ನು ಕೇಳಿದ್ದು ವಸುಧಾಳ ಕಿವಿಗೆ ಬಿತ್ತು. ಅದನ್ನಾದರೂ ನುಂಗಿಕೊಂಡಾಳು. ನುಂಗಲಾಗದ್ದು ಇನ್ನೊಂದು. ನರಹರಿ ಮಗಳ ಮಾತನ್ನು ನಂಬಿದ್ದರು. ನಂಬಿಯೂ, ಇದ್ದ ನಾಲ್ಕು ಕನ್ನಡ ಮನೆಗಳ ನಂಟು ಕೆಡಬಾರದೆಂದು, ಒಂದು ಬುಟ್ಟಿ ಸಂತ್ರಿ ಹಣ್ಣು ಹಿಡಿದು ಶ್ರೀಶನ ಮನೆಗೆ ಹೋಗಿ ಮಗಳ ಪರವಾಗಿ ಕೈ ಮುಗಿದು ಬಂದರು. ಬಂದವರು ಅಂಗಿ ಕೂಡ ಬಿಚ್ಚದೆ ಮಲಗಿದ್ದನ್ನು ವಸುಧಾ ಬಾಗಿಲ ಸಂದಿಯಿಂದ ನೋಡಿದಳು. ಆ ದಿನ ಒಳಗೆ ಹೊತ್ತಿಕೊಂಡದ್ದು ಆರಲಿಲ್ಲ.

ರಾಮದಾಸಪೇಠದಲ್ಲಿ ಡಾಕ್ಟರ್ ಲೀಲಾ ಎಂಬ ಪಶುವೈದ್ಯೆಯ ಕ್ಲಿನಿಕ್ಕಿನಲ್ಲಿ ಅವಳಿಗೆ ಸಹಾಯಕಿಯ ಕೆಲಸ ಸಿಕ್ಕಿತು. ನಾಯಿ ಬೆಕ್ಕುಗಳೇ ಹೆಚ್ಚು. ಡಾಕ್ಟರಿಗೆ ಹರಟೆ ಬೇಕಿರಲಿಲ್ಲ, ವಸುಧಾಳಿಗೂ ಬೇಕಿರಲಿಲ್ಲ, ಹಾಗಾಗಿ ಬರೋಬರ್ ಹೊಂದಿಕೆಯಾಯಿತು. ಮುಂದಿನ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಶ್ರಾವಣದ ಕೊನೆಗೆ, ಪಾಂಡುರಂಗರಾಯರು ಪಂದ್ಯಕ್ಕೆ ವೈದ್ಯರಾಗಿ ಬರಬೇಕೆಂದು ಡಾಕ್ಟರ್ ಲೀಲಾರನ್ನೇ ಕೇಳಿಕೊಂಡರು. ಪಂದ್ಯ ಪೋಳಾದ ಮರುದಿನ. ಪೋಳಾ ಅಲ್ಲಿಯ ಎತ್ತುಗಳ ಹಬ್ಬ. ಹಬ್ಬದ ದಿನವೇ ಸಲೈನ್ ಬಾಟಲಿಗಳನ್ನೂ ಔಷಧದ ಪೆಟ್ಟಿಗೆಯನ್ನೂ ತೋಟಕ್ಕೆ ಮುಟ್ಟಿಸಿ ಬರುವ ಕೆಲಸ ವಸುಧಾಳ ಪಾಲಿಗೆ ಬಂತು.

ಉಮರೇಡ್ ಬಸ್ಸಿಳಿದು ಅವಳು ಲಾಯದ ಅಂಗಳಕ್ಕೆ ಬಂದಾಗ ಅಲ್ಲಿ ಹಬ್ಬ ನಡೆದಿತ್ತು. ಪಾಂಡುರಂಗರಾಯರ ತಾಯಿ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ಎತ್ತು ಬೇರೆ ಕುದುರೆ ಬೇರೆ ಎಂದು ಎಣಿಸಿದವಳೇ ಅಲ್ಲ. ದುಡಿಯುವ ಪ್ರಾಣಿಗೆಲ್ಲ ಪೋಳಾ. ಆ ದಿನ ಕೊರಳಿಗೆ ಹಗ್ಗ ಬೀಳಬಾರದು, ಬೆನ್ನಿಗೆ ಜೀನು ಬೀಳಬಾರದು, ಒಂದು ಹೆಜ್ಜೆಯ ದುಡಿಮೆಯೂ ಕೂಡದು. ಹಣೆಗೆ ಕುಂಕುಮ, ಗೊರಸಿಗೆ ಎಣ್ಣೆ, ಬಾಯಿಗೆ ಆಯಿ ತನ್ನ ಕೈಯಾರೆ ಕೊಡುವ ಪುರಣಪೋಳಿ ಎಂಬ ಹೋಳಿಗೆ, ಬೆಲ್ಲ. ಮೇಲೆ ಬಕೆಟ್ ತುಂಬ ಕಾಳು.

ವಸುಧಾಳ ಕಣ್ಣು ಹೋದದ್ದು ಮಲ್ಹಾರನ ಮೇಲೆ. ನಾಳಿನ ಪಂದ್ಯಕ್ಕೆ ತಯಾರಾದ ಕಂದುಬಣ್ಣದ ಕುದುರೆ. ಇಡೀ ತಿಂಗಳು ದುಡಿಸಿ ಉಜ್ಜಿದ ಅದರ ಮೈ ಹಿತ್ತಾಳೆಯ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅದು ಕಾಳಿನ ಬಕೆಟ್ಟಿನಲ್ಲಿ ಮುಖ ಹುದುಗಿಸಿ ತಿನ್ನುತ್ತಿತ್ತು.

ಇದೇನೆಂದು ಅವಳಿಗೆ ಗೊತ್ತಿತ್ತು. ಇದನ್ನೂ ಕಾಕಾನೇ ಕಲಿಸಿದ್ದ. ದಿನಾ ಓಡುವ ಕುದುರೆ ತಿಂದ ಕಾಳು ಮಾಂಸಖಂಡದಲ್ಲಿ ಸಕ್ಕರೆಯಾಗಿ ಕೂಡಿರುತ್ತದೆ, ಓಡಿದಾಗ ಖರ್ಚಾಗುತ್ತದೆ. ಒಂದು ದಿನ ಓಡಿಸದೆ ಕಟ್ಟಿಹಾಕಿ, ಕಾಳು ಮಾತ್ರ ಎಂದಿನಷ್ಟೇ ಕೊಟ್ಟರೆ, ಮರುದಿನ ಓಡಿಸಿದ ಕೂಡಲೇ ಹಿಂಭಾಗದ ಮಾಂಸವೆಲ್ಲ ಸೆಟೆದು ಕಟ್ಟಿಗೆಯಾದೀತು. ಎಲ್ಲ ಕುದುರೆಗೂ ಹೀಗಾಗುತ್ತದೆಂದಿಲ್ಲ, ಆದದ್ದಕ್ಕೆ ಮಾತ್ರ ಬದುಕು ಭಾರ. ಪುಣೆಯ ಲಾಯದವರು ಇದಕ್ಕೆ ಸೋಮವಾರದ ಬೇನೆ ಎನ್ನುತ್ತಿದ್ದರಂತೆ, ಭಾನುವಾರ ರಜೆ ಉಂಡ ಕುದುರೆ ಸೋಮವಾರ ಬೀಳುತ್ತದೆಂದು. ಆದ್ದರಿಂದಲೇ ಅವಳು ಲಾಯದಲ್ಲಿದ್ದಾಗಿನ ಪೋಳಾದಲ್ಲಿ ಶ್ರೀಶ ಒಂದು ಕಳ್ಳಾಟ ಹೂಡಿದ್ದ. ಆಯಿ ಏಳುವ ಮೊದಲೇ ಕುದುರೆಗಳನ್ನು ತೋಟದ ಹಿಂದೆ ನಡೆದಾಡಿಸಿ ತಂದು ಕಟ್ಟುವುದು, ಆಯಿ ಅತ್ತ ತಿರುಗಿದೊಡನೆ ಕಾಳಿನ ಬಕೆಟ್ ಸರಿಸಿ ಬೂಸಾ ಇಡುವುದು. ಅಂದು ಬಕೆಟ್ ಬದಲಿಸಿದವಳು ವಸುಧಾಳೇ.

"ಗೋವಿಂದಭಾವೂ, ಬೆಳಿಗ್ಗೆ ನಡೆಸಿದಿರಾ ಇದನ್ನು?" ಎಂದು ಕುದುರೆ ನೋಡಿಕೊಳ್ಳುವ ಗೋವಿಂದನನ್ನು ಮರಾಠಿಯಲ್ಲಿ ಕೇಳಿದಳು.

"ಎಲ್ಲಿ ತಾಯಿ. ದೇಸಾಯಿ ಸಾಹೇಬರು ನಿನ್ನೆಯಿಂದ ಬಂಗಲೆಯಲ್ಲೇ ಇದ್ದಾರೆ. ಪುಣೆಯಲ್ಲಿ ದೊಡ್ಡ ಲಾಯ ತೆಗೀತಾರಂತಲ್ಲ, ನಮ್ಮ ಮಾಲೀಕರೇ ಅದಕ್ಕೆ ಪಾಲುದಾರರಂತೆ. ಅದಕ್ಕೇ ಆಯಿಯ ಬೆನ್ನು ಬಿಡೋದಿಲ್ಲ. ನಾನು ಬೂಸಾ ಇಡಲಾ ಅಂತ ಕೇಳಿದೆ. ಹಬ್ಬದ ದಿನ ಆಯಿಯ ಮನಸ್ಸು ಮುರೀಬೇಡ, ತುಂಬಾ ಕೊಡು, ನಾಳೆ ತಾಕತ್ತು ಬೇಕು ಅಂದ್ರು."

ಬಕೆಟ್ ತೆಗಿ, ಇದನ್ನು ಈಗಲೇ ಸ್ವಲ್ಪ ನಡೆಸು ಎಂದು ಹೇಳಲು ವಸುಧಾಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಶ್ರೀಶ ಬಂದ. ಬಿಳಿ ಜುಬ್ಬಾ, ಹಣೆಗೆ ಗಂಧ, ಆಯಿಯ ಕೈ ಹಿಡಿದು ಮೆಟ್ಟಿಲಿಳಿಸುತ್ತಾ ಹೊಟ್ಟೆಯ ಮಗನ ಹಾಗೆ. ಹಿಂದೆ ಪಾಂಡುರಂಗರಾಯರು. ಆಯಿ ಮಲ್ಹಾರನ ಬಾಯಿಗೆ ಇನ್ನೊಂದು ಪೋಳಿ ಹಿಡಿದಾಗ ಶ್ರೀಶ ಮರಾಠಿಯಲ್ಲಿ, "ಇನ್ನೂ ಒಂದು ಕೊಡಿ ಆಯಿ. ನಿಮ್ಮ ಕೈಯ ತುತ್ತು, ನಾಳೆ ಗಾಳಿಯಾಗಿ ಹೋಗುತ್ತದೆ" ಎಂದ. ಮುದುಕಿ ಹಿಗ್ಗಿ ಇನ್ನೂ ಎರಡು ಕೊಟ್ಟಳು.

ಆಮೇಲೆ ಅವನ ಕಣ್ಣು ವಸುಧಾಳ ಮೇಲೆ ಬಿತ್ತು. ಉಳಿದವರಿಗೆ ತಿಳಿಯದಿರಲೆಂದು ಕನ್ನಡಕ್ಕೆ ಹೊರಳಿದ.

"ಏನು ವಸು, ನಾಯಿಗೆ ಸೂಜಿ ಚುಚ್ಚಿ ಚುಚ್ಚಿ ಬ್ಯಾಸರಾತೇನು? ಮತ್ತ ಕುದುರೀ ವಾಸನೀಗೆ ಬಂದೀ."

ಅವಳು ಪೆಟ್ಟಿಗೆಯ ಕಡೆ ತೋರಿಸಿ, "ಡಾಕ್ಟರ್ ಕಳಿಸ್ಯಾರ" ಎಂದಳು.

"ಇಟ್ಟು ಹೋಗು ಹಂಗಾರ. ಯಾವುದನ್ನೂ ಮುಟ್ಟಬ್ಯಾಡ. ನಿನ್ನ ಕೈಗುಣ ನನಗ ಗೊತ್ತದ." ನಗುತ್ತಲೇ ಹೇಳಿದ, ನೋಡಿದವರು ಕುಶಲ ಕೇಳುತ್ತಿದ್ದಾನೆ ಎಂದುಕೊಳ್ಳಬೇಕು. "ಅಪ್ಪಾ ಹೆಂಗಿದ್ದಾರ? ಸಂತ್ರಿ ಭಾಳ ಸಿಹಿ ಇದ್ದವು ಅಂತ ಹೇಳು. ಈ ಸಲ ಬರೂಮುಂದ ಇನ್ನೂ ಸ್ವಲ್ಪ ತರ್ಲಿಕ್ಕೆ ಹೇಳು."

ನಾಲಿಗೆಯ ತುದಿಗೆ ಬಂದಿದ್ದ ಮಾತು ತಿರುಗಿ ಒಳಗೆ ಹೋಯಿತು. ಮಲ್ಹಾರ ಬಕೆಟ್ಟಿನ ತಳ ನೆಕ್ಕುತ್ತಿತ್ತು. ವಸುಧಾ ಪೆಟ್ಟಿಗೆಯನ್ನು ಗೋವಿಂದನಿಗೆ ಒಪ್ಪಿಸಿ ಬಸ್ ಸ್ಟಾಪಿನ ಕಡೆ ನಡೆದಳು. ದಾರಿಯುದ್ದಕ್ಕೂ ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಎದುರಾದವು. ಅವಳು ಒಂದನ್ನೂ ನೋಡಲಿಲ್ಲ.

ಆ ಸಂಜೆ ವಿಮಲಾ ಎರಡು ಸಲ ಕೇಳಿದಳು, "ಯಾಕs, ಮೈಯಾಗ ಆರಾಮಿಲ್ಲೇನು?"

"ಆರಾಮಿದ್ದೀನಿ."

"ಮತ್ತ ಊಟದ ಮುಂದ ಕೂತು ನಕ್ಕಿ. ಒಬ್ಬಾಕಿನ ನಗ್ತೀಯಲ್ಲ."

ತಾನು ನಕ್ಕದ್ದು ವಸುಧಾಳಿಗೆ ಗೊತ್ತಿರಲಿಲ್ಲ. ಡಾಕ್ಟರ್ ಲೀಲಾರ ಮನೆಯ ನಂಬರು ಬಾಯಿಪಾಠ ಇತ್ತು, ಫೋನು ಪಡಸಾಲೆಯಲ್ಲೇ ಇತ್ತು. ಅವಳು ಅದರ ಪಕ್ಕದಲ್ಲೇ ಕೂತು ಟಿ.ವಿ. ನೋಡಿದಳು.

ಮರುದಿನ ತೋಟದಲ್ಲಿ ಶಾಮಿಯಾನ, ಸಾಲು ಕುರ್ಚಿ, ಶರಬತ್ತು. ಮಳೆ ಬಿಡುವು ಕೊಟ್ಟು ಓಟದ ಪಟ್ಟಿ ಮೆತ್ತಗಿತ್ತು. ಆಯಿ ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಕೂತಿದ್ದಳು. ಪುಣೆಯಿಂದ ಬಂದ ದೊಡ್ಡ ಮನುಷ್ಯರಿಗೆ ಪಾಂಡುರಂಗರಾಯರು ಶ್ರೀಶನ ಬೆನ್ನು ತಟ್ಟಿ ಪರಿಚಯ ಹೇಳುತ್ತಿದ್ದರು. ಬೇರೆಯವರ ಕುದುರೆಯೊಂದರ ಲಾಳ ಕಳಚಿತ್ತೆಂದು ಡಾಕ್ಟರ್ ಲೀಲಾ ಪಟ್ಟಿಯ ಆಚೆ ತುದಿಗೆ ಹೋಗಿದ್ದರು.

ಅವರ ಜೊತೆ ಬಂದಿದ್ದ ವಸುಧಾ ಲಾಯದ ಬಾಗಿಲಲ್ಲಿ ನಿಂತು ಕಾದಳು. ಮಲ್ಹಾರ ಹೊರಗೆ ಬಂತು. ಮೊದಲಿಗೆ ಏನೂ ಇಲ್ಲ. ಸವಾರ ಏರಿ ಮೈ ಬಿಸಿಯಾಗಲೆಂದು ಮರದ ಸಾಲಿನ ತನಕ ಒಂದಿಷ್ಟು ಓಡಿಸಿದ. ತಿರುಗಿ ಬರುವಾಗ ಹಿಂಗಾಲುಗಳು ಗಿಡ್ಡ ಹೆಜ್ಜೆ ಹಾಕುತ್ತಿದ್ದವು, ಬಿಗಿಯಾದ ಚಪ್ಪಲಿ ಹಾಕಿದವರ ಹಾಗೆ. ತಂಪು ಹವೆಯಲ್ಲೂ ಕುತ್ತಿಗೆಯ ಮೇಲೆ ಬೆವರು ನೊರೆಗಟ್ಟಿತ್ತು.

ಆಗಲೇ ಹೇಳಬಹುದಿತ್ತು. ಅಲ್ಲಿ ಇದ್ದವನು ಗೋವಿಂದನೊಬ್ಬನೇ. ಮೆಲ್ಲನೆ ಹೇಳಿದ್ದರೂ ಸಾಕಿತ್ತು, ಅವನು ಸವಾರನನ್ನು ಇಳಿಸುತ್ತಿದ್ದ. ಕುದುರೆ ಒಳಗೆ ಹೋಗುತ್ತಿತ್ತು, ಏನೋ ಸ್ವಲ್ಪ ಜಡವಾಗಿದೆ ಎಂದು ಶ್ರೀಶ ನಕ್ಕು ಹೇಳಿ ಮುಗಿಸುತ್ತಿದ್ದ. ವಸುಧಾ ಬೇಲಿಯ ಗೂಟವನ್ನು ಹಿಡಿದುಕೊಂಡು ನಿಂತಳು. ಮಲ್ಹಾರ ಒಂದೊಂದೇ ಹೆಜ್ಜೆ ಶಾಮಿಯಾನದ ಕಡೆ ಹೋಯಿತು. ಅದರ ಪ್ರತಿ ಹೆಜ್ಜೆಗೂ ಒಳಗೆ ಮಾಂಸದ ಎಳೆ ಹರಿಯುತ್ತಿದೆ ಎಂದು ತಿಳಿದವಳು ಆ ಮೈದಾನದಲ್ಲಿ ಅವಳೊಬ್ಬಳೇ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದುಕೊಂಡಳು. ಆಯಿಯ ಕುರ್ಚಿಯ ಎದುರಿಗೆ ಬಂದ ಮೇಲೆ ಹೊರಟಳು.

ಓಟದ ಪಟ್ಟಿಯ ನಡುವೆ ನಡೆದು ಹೋಗಿ ಲಗಾಮು ಹಿಡಿದಳು. "ಇಳಿಯಿರಿ" ಎಂದು ಸವಾರನಿಗೆ ಮರಾಠಿಯಲ್ಲಿ ಹೇಳಿದಳು. ಆ ದನಿ ಎಲ್ಲಿಂದ ಬಂತೋ, ಕೊನೆಯ ಸಾಲಿನ ತನಕ ಕೇಳಿಸಿತು. ಸವಾರ ಇಳಿದೇಬಿಟ್ಟ.

ಶ್ರೀಶ ದಾಪುಗಾಲಿಟ್ಟು ಬಂದ. "ತಲಿ ಕೆಟ್ಟದ ಏನು ನಿನಗ? ಬಿಡು ಅದನ್ನ."

ಅವಳು ಅವನನ್ನು ನೋಡಲೇ ಇಲ್ಲ. "ರಾವ್‌ಸಾಹೇಬ್, ಇಲ್ಲಿ ಬಂದು ಕೈ ಇಟ್ಟು ನೋಡಿ" ಎಂದಳು. ಪಾಂಡುರಂಗರಾಯರು ಬಂದು ಕುದುರೆಯ ಹಿಂಭಾಗವನ್ನು ಮುಟ್ಟಿ ಕೈ ಹಿಂದಕ್ಕೆಳೆದರು. ಮರದ ದಿಮ್ಮಿಯಂತೆ ಗಟ್ಟಿಯಾಗಿತ್ತು. ಚರ್ಮದಡಿಯಲ್ಲಿ ಏನೋ ಪಟಪಟನೆ ಅದುರುತ್ತಿತ್ತು. ಎಲ್ಲರೂ ನೋಡುತ್ತಿದ್ದಂತೆ ಮಲ್ಹಾರ ಕಾಲು ಅಗಲಿಸಿ, ಹಲ್ಲು ಕಡಿದು, ಮೂತ್ರ ಬಿಟ್ಟಿತು. ಕರೀ ಚಹಾದ ಬಣ್ಣ. ಮುಂದಿನ ಸಾಲಿನವರು ಎದ್ದು ನಿಂತರು.

"ಸ್ವಲ್ಪ ಹಿಡಕೊಂಡಿದೆ ಅಷ್ಟೆ. ನಾಲ್ಕು ಸುತ್ತು ನಡೆಸಿದರೆ ಸಡಿಲಾಗುತ್ತೆ. ಗೋವಿಂದ, ನಡೆಸು" ಎಂದ ಶ್ರೀಶ.

"ಕಾಕಾ," ಎಂದಳು ವಸುಧಾ. ಕನ್ನಡದ ಆ ಒಂದು ಪದದ ನಂತರ ಉಳಿದದ್ದನ್ನೆಲ್ಲ ಮರಾಠಿಯಲ್ಲೇ ಹೇಳಿದಳು, ಎಲ್ಲರಿಗೂ ಅರ್ಥವಾಗಲೆಂದು. "ಇದಕ್ಕೆ ಏನಂತಾರೆ, ನೀವೇ ಹೇಳಿ. ನನಗೆ ಕಲಿಸಿದವರು ನೀವು. ಇದನ್ನು ಈಗ ಒಂದು ಹೆಜ್ಜೆ ನಡೆಸಿದರೆ ಏನಾಗುತ್ತೆ?"

ಅವನ ಮುಖ ಬೆಳ್ಳಗಾಯಿತು. ನಡೆಸಿ ಎಂದರೆ ಕುದುರೆ ಅಲ್ಲೇ ಬೀಳಬಹುದು. ನಡೆಸಬೇಡಿ ಎಂದರೆ ರೋಗದ ಹೆಸರು ಹೇಳಬೇಕು, ಹೆಸರು ಹೇಳಿದರೆ ಕಾರಣವೂ ಹೇಳಬೇಕು. ಹಳೆಯ ಚಾಳಿ ಅವನನ್ನು ಅಲ್ಲೂ ಬಿಡಲಿಲ್ಲ.

"ರಾವ್‌ಸಾಹೇಬ್, ತಿಂದದ್ದರಲ್ಲಿ ಏನೋ ಸೇರಿದೆ. ಈ ಹುಡುಗಿ ನಿನ್ನೆ ಇಲ್ಲೇ ಇದ್ದಳು, ಮಲ್ಹಾರನ ಹತ್ತಿರವೇ ನಿಂತಿದ್ದಳು. ಒಂದು ಕುದುರೆ ಕೊಂದವಳಿಗೆ..."

"ತಿಂದದ್ದರಲ್ಲಾ?" ಎಂದಿತು ಹಿಂದಿನಿಂದ ಒಂದು ದನಿ. ಆಯಿ ಕೋಲೂರಿ ಬಂದಿದ್ದಳು. "ನಿನ್ನೆ ಅದಕ್ಕೆ ತಿನ್ನಿಸಿದವಳು ನಾನು. ನನ್ನ ಕೈಯಲ್ಲಿ ವಿಷ ಇತ್ತಾ?"

"ಅಯ್ಯೋ, ಹಾಗಲ್ಲ ಆಯಿ..."

"ಇನ್ನೂ ಒಂದು ಕೊಡಿ ಅಂದವನು ಯಾರು? ನನ್ನ ಪಕ್ಕದಲ್ಲಿ ನಿಂತು ಹಲ್ಲು ಕಿರಿದವನು ಯಾರು?"

"ಬಕೆಟ್ ತುಂಬಾ ಕೊಡು ಅಂದದ್ದೂ ಸಾಹೇಬರೇ" ಎಂದ ಗೋವಿಂದ, ನೆಲ ನೋಡುತ್ತಾ. "ನಾನು ಬೂಸಾ ಇಡಲಾ ಅಂತ ಕೇಳಿದ್ದೆ."

ಆಚೆ ತುದಿಯಿಂದ ಡಾಕ್ಟರ್ ಲೀಲಾ ಓಡಿ ಬಂದರು. ಒಂದು ಸಲ ಮುಟ್ಟಿ, ನೆಲದ ಮೇಲಿನ ಕಪ್ಪು ಕಲೆ ನೋಡಿ, "ಯಾರೂ ಇದನ್ನು ಅಲುಗಿಸಬೇಡಿ. ನಿನ್ನೆ ಪೂರಾ ರಜೆ, ಪೂರಾ ಕಾಳು, ಅಲ್ಲವಾ? ಟ್ರೇನರ್ ಅನ್ನಿಸಿಕೊಂಡವನಿಗೆ ಇಷ್ಟು ಗೊತ್ತಿರಬೇಕು" ಎಂದರು. ಅವರಿಗೆ ಹಿಂದಿನದ್ದೇನೂ ಗೊತ್ತಿರಲಿಲ್ಲ, ಹಾಗಾಗಿ ಮಾತು ಇನ್ನೂ ಆಳಕ್ಕೆ ಇಳಿಯಿತು.

ಪಾಂಡುರಂಗರಾಯರು ವಸುಧಾಳ ಕಡೆ ತಿರುಗಿ, "ಕೇತಕಿಯನ್ನು ಹಿಂದಿನ ದಿನ ಓಡಿಸಿದ್ದು ನೀನಾ?" ಎಂದು ಕೇಳಿದರು. ಹೋದ ವರ್ಷ ಕೇಳಬೇಕಾಗಿದ್ದ ಪ್ರಶ್ನೆ.

"ನಾನಲ್ಲ. ಯಾರೂ ಓಡಿಸಿರಲಿಲ್ಲ. ಎಲುಬು ಬಿಸಿಯಾಗಿದೆ ಅಂತ ಹೇಳಿದ್ದೆ. ಅವರೂ ಮುಟ್ಟಿ ನೋಡಿದ್ದರು."

ಶ್ರೀಶ ಅಲ್ಲ ಎನ್ನಲು ಬಾಯಿ ತೆರೆದ. ಈ ಸಲ ಗಂಟಲು ಕಟ್ಟಿದ್ದು ಅವನಿಗೆ. ವಸುಧಾ ಅದನ್ನು ಕಣ್ತುಂಬ ನೋಡಿದಳು. ಹಣೆಯ ಗಂಧ ಬೆವರಿಗೆ ಕದಡಿ ಹುಬ್ಬಿಗೆ ಇಳಿದದ್ದು, ಪುಣೆಯವರು ಒಬ್ಬೊಬ್ಬರೇ ಅವನಿಂದ ದೂರ ಸರಿದದ್ದು, ಎಲ್ಲವನ್ನೂ ನೋಡಿದಳು. ಒಂದನ್ನೂ ಬಿಡಲಿಲ್ಲ. "ನಿಮ್ಮ ಸಾಮಾನು ತಗೊಂಡು ಹೊರಡಿ. ನನ್ನ ತಾಯಿಯ ಹೆಸರು ಇನ್ನೊಮ್ಮೆ ಬಾಯಲ್ಲಿ ಬರಬಾರದು" ಎಂದರು ಪಾಂಡುರಂಗರಾಯರು, ಮೆಲ್ಲಗೆ. ಅವನು ನಾಲ್ಕು ಹೆಜ್ಜೆ ನಡೆದು, ತಿರುಗಿ ವಸುಧಾಳ ಹತ್ತಿರ ಬಂದ.

"ವಸು, ನೀ ಒಂದು ಮಾತು ಹೇಳಿದ್ರ ಅವರು ಕೇಳ್ತಾರ. ನಿಮ್ಮಪ್ಪನ ಮಾರಿ ನೋಡಿಯಾದ್ರೂ."

"ಅಪ್ಪನ ಮಾರಿ ನೋಡೇ ಬಂದೀನಿ ಕಾಕಾ" ಎಂದಳು.

ಪಂದ್ಯ ನಿಂತಿತು. ಕಾರುಗಳು ಒಂದೊಂದಾಗಿ ಹೊರಟವು. ಮಲ್ಹಾರನನ್ನು ಅಲುಗಿಸುವಂತಿಲ್ಲವಾದ್ದರಿಂದ ಶಾಮಿಯಾನದ ಒಂದು ಪರದೆ ಬಿಚ್ಚಿ ಅದು ನಿಂತಲ್ಲೇ ಮರೆ ಕಟ್ಟಿದರು. ಡಾಕ್ಟರ್ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕಿದರು. ವಸುಧಾ ಸಲೈನ್ ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು ನಿಂತಳು. ಕುದುರೆ ನರಳುತ್ತಿತ್ತು. ಮನುಷ್ಯರ ಹಾಗೆ ಸದ್ದು ಮಾಡುವುದಿಲ್ಲ ಅದು, ಮೂಗಿನ ಹೊಳ್ಳೆ ಅರಳುತ್ತದೆ, ಅಷ್ಟೇ.

"ಉಳಿಯುತ್ತೆ ಅನ್ನಿಸುತ್ತೆ" ಎಂದರು ಡಾಕ್ಟರ್ ಲೀಲಾ. "ಓಡೋದು ಮಾತ್ರ ಹೇಳೋಕ್ಕಾಗಲ್ಲ. ಹಿಂಭಾಗದ ಮಾಂಸ ಸತ್ತು ಗುಂಡಿ ಬೀಳಬಹುದು." ಸೂಜಿಯ ಮೇಲೆ ಪಟ್ಟಿ ಅಂಟಿಸುತ್ತಾ ಕೇಳಿದರು, "ನಿನಗೆ ಯಾವಾಗ ಗೊತ್ತಾಯಿತು?"

ಸವಾರ ತಿರುಗಿ ಬರುವಾಗ ಎಂದರೆ ಸಾಕಿತ್ತು. ಅವರು ಒಪ್ಪುತ್ತಿದ್ದರು, ಯಾರೂ ಅಲ್ಲಗಳೆಯುವವರಿರಲಿಲ್ಲ.

"ನಿನ್ನೆ" ಎಂದಳು ವಸುಧಾ.

ಡಾಕ್ಟರ ಕೈ ನಿಂತಿತು. "ನಿನ್ನೆ ಒಂದು ಫೋನ್ ಮಾಡಿದ್ದರೆ ಇದು ಆಗುತ್ತಲೇ ಇರಲಿಲ್ಲ."

"ಹೌದು."

"ಮತ್ತೆ?"

"ಮಾಡಲಿಲ್ಲ."

ಡಾಕ್ಟರ್ ಲೀಲಾ ತಿರುಗಿ ನಿಂತು ಅವಳ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿದರು. "ನಾಳೆಯಿಂದ ಕ್ಲಿನಿಕ್ಕಿಗೆ ಬರಬೇಡ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆಗಲಿ" ಎಂದಳು. "ಈ ಬಾಟಲಿ ಮುಗಿಯೋ ತನಕ ಹಿಡಿದಿರ್ತೀನಿ."

ಮಲ್ಹಾರ ತಲೆಯನ್ನು ಅವಳ ಭುಜಕ್ಕೆ ಆನಿಸಿ ಭಾರ ಬಿಟ್ಟಿತ್ತು. ಯಾರ ಭುಜವೆಂದು ಅದಕ್ಕೇನು ಗೊತ್ತು. ಗೇಟಿನ ಕಡೆ ಶ್ರೀಶ ಸ್ಕೂಟರಿಗೆ ಕಿಕ್ ಹೊಡೆಯುವ ಸದ್ದು ಕೇಳಿಸಿತು. ಹತ್ತಲಿಲ್ಲ, ಮತ್ತೆ ಹೊಡೆದ, ಮತ್ತೆ. ಕಡೆಗೆ ಹತ್ತಿ, ಉಮರೇಡ್ ರಸ್ತೆಯ ಲಾರಿಗಳ ನಡುವೆ ಸಣ್ಣದಾಗುತ್ತಾ ಹೋಯಿತು. ಪೂರ್ತಿ ಅಳಿಯುವ ತನಕ ವಸುಧಾ ಕೇಳಿದಳು. ಆಮೇಲೆ ತೋಳು ನೋಯುತ್ತಿರುವುದು ಗೊತ್ತಾಗಿ ಬಾಟಲಿಯನ್ನು ಇನ್ನೊಂದು ಕೈಗೆ ಬದಲಿಸಿದಳು.